ಮೂವರು ಹೇಳಿದರೆ ಸೂಚನೆ

ಜೂನ್ ತಿಂಗಳ ಒಂದು ಸೋಮವಾರ ನಮ್ಮ ಸರ್ ನನ್ನ ಮೇಜಿನ ಬಳಿ ಬಂದು, ಇನ್ನು ಮುಂದೆ ಹೂಡಿಕೆದಾರರ ಫೋರಂಗಳನ್ನು ದಿನಾ ಓದುವುದು ನಿನ್ನ ಕೆಲಸ ಎಂದರು. ಅಲ್ಲಿ ಜನ ಜಗಳಾಡುವುದನ್ನು ಓದುತ್ತ ಕುಳಿತರೆ ಕಚೇರಿಗೆ ಏನು ಲಾಭವೆಂದು ನನಗೆ ಹೊಳೆಯಲಿಲ್ಲ. ದಿನಚರಿಯಲ್ಲಿ ಆ ದಿನ ಬರೆದದ್ದು ಇಷ್ಟೇ: ‘ಹೊಸ ಕೆಲಸ. ಉದ್ದೇಶ ಸ್ಪಷ್ಟವಿಲ್ಲ.’

ನಮ್ಮದು ಪುಣೆಯ ಒಂದು ಸಣ್ಣ ಕಚೇರಿ. ದೊಡ್ಡ ಕಂಪನಿಗಳಿಗೆ ಸಾಲ ಕೊಟ್ಟ ಸಂಸ್ಥೆಗಳು ಆ ಕಂಪನಿಗಳ ಆರೋಗ್ಯ ನೋಡಿಕೊಳ್ಳಲು ನಮ್ಮನ್ನು ನೇಮಿಸುತ್ತವೆ. ನಾವು ಪ್ರತಿ ಕಂಪನಿಯ ಬಗ್ಗೆ ತಿಂಗಳಿಗೊಂದು ಟಿಪ್ಪಣಿ ಬರೆದು ಅದಕ್ಕೊಂದು ಬಣ್ಣ ಕೊಡುತ್ತೇವೆ. ಹಸಿರಾದರೆ ಚಿಂತೆಯಿಲ್ಲ. ಹಳದಿಯಾದರೆ ಕಣ್ಣಿಟ್ಟಿರಬೇಕು. ಕೆಂಪು ಕೊಟ್ಟರೆ ಸಾಲದ ಮುಂದಿನ ಕಂತು ನಿಲ್ಲುತ್ತದೆ. ಅಲ್ಲಿಯವರೆಗೆ ಈ ಬಣ್ಣಗಳೆಲ್ಲ ಲೆಕ್ಕಪತ್ರಗಳಿಂದ ಬರುತ್ತಿದ್ದವು. ಆದರೆ ಲೆಕ್ಕಪತ್ರ ಬರುವುದು ಮೂರು ತಿಂಗಳಿಗೊಮ್ಮೆ. ಕಂಪನಿ ಮುಳುಗುವುದಕ್ಕೆ ಅಷ್ಟು ಕಾಲ ಬೇಕಾಗಿಲ್ಲ. ಹಿಂದಿನ ವರ್ಷ ಒಂದು ಕಂಪನಿ ಮುಳುಗಿದ ಮೇಲೆ ಸರ್ ಹಳೆಯ ಫೋರಂ ಪುಟಗಳನ್ನು ತೆಗೆದು ನೋಡಿದ್ದರು. ನಾವು ಹಸಿರು ಕೊಟ್ಟಿದ್ದ ದಿನಗಳಲ್ಲೇ ಅಲ್ಲಿ ಯಾರೋ, ‘ಇವರ ಮಾಲು ಕೇಳುವವರೇ ಇಲ್ಲ’ ಎಂದು ಬರೆದಿದ್ದರಂತೆ. ಅಂದಿನಿಂದ ಸರ್‌ಗೆ ಆ ಪುಟಗಳ ಮೇಲೆ ನಂಬಿಕೆ ಬೆಳೆದಿತ್ತು.

ನನಗೆ ಕೊಟ್ಟದ್ದು ಒಂದೇ ಕಂಪನಿ. ಗೋದಾಮುಗಳಿಗೆ ಬೇಕಾದ ಉಕ್ಕಿನ ರ‍್ಯಾಕುಗಳನ್ನು ಮಾಡುವವರು. ಷೇರುಪೇಟೆಯಲ್ಲಿ ಹೆಸರಿತ್ತು, ಪುಣೆಯ ಮಧ್ಯಮ ವರ್ಗದ ಮನೆಗಳಲ್ಲಿ ಅದರ ಷೇರೂ ಇತ್ತು. ಓದಬೇಕಾದದ್ದು ಎರಡು ಫೋರಂ ಮತ್ತು ಮೊಬೈಲಿನ ಒಂದು ದೊಡ್ಡ ಗುಂಪು. ಬರಹ ಇಂಗ್ಲಿಷ್, ಮರಾಠಿ, ಹಿಂದಿ ಎಲ್ಲ ಕಲಸಿದ್ದು. ನಾನು ಕಂಪ್ಯೂಟರಿನಲ್ಲಿ ಒಂದು ಕೋಷ್ಟಕ ಮಾಡಿದೆ. ಬರೆದವರ ಅಡ್ಡಹೆಸರು, ಬರೆದ ದಿನ, ಹೇಳಿದ ವಿಷಯ, ಅದನ್ನು ಪರೀಕ್ಷಿಸಲು ಸಾಧ್ಯವೇ, ತಮಗೆ ಹೇಗೆ ಗೊತ್ತಾಯಿತೆಂದು ಅವರು ಹೇಳಿಕೊಳ್ಳುತ್ತಾರೆ. ಪ್ರತಿ ಬರಹವನ್ನೂ ದೂರು, ಪ್ರಶ್ನೆ, ಹೊಗಳಿಕೆ, ಗಾಳಿಮಾತು ಎಂಬ ನಾಲ್ಕರಲ್ಲಿ ಒಂದಕ್ಕೆ ಹಾಕುತ್ತಿದ್ದೆ.

ಮೊದಲ ವಾರಗಳು ನನ್ನನ್ನು ಪೂರ್ತಿ ಗೊಂದಲಕ್ಕೆ ಕೆಡವಿದವು. ಕಂಪನಿಯನ್ನು ಬೈಯುವವರಲ್ಲಿ ಅರ್ಧ ಜನ ಬೆಲೆ ಇಳಿಯಲಿ, ಇನ್ನಷ್ಟು ಕೊಳ್ಳೋಣ ಎಂದು ಬೈಯುತ್ತಿದ್ದರು. ಹೊಗಳುವವರಲ್ಲಿ ಅರ್ಧ ಜನ ಹೆಚ್ಚಿನ ಬೆಲೆಗೆ ಕೊಂಡು ಸಿಕ್ಕಿಬಿದ್ದವರು. ತಮಗೆ ತಾವೇ ಧೈರ್ಯ ಹೇಳಿಕೊಳ್ಳಲು ಉದ್ದುದ್ದ ಬರೆಯುತ್ತಿದ್ದರು. ಬೆಲೆ ಇಳಿದ ದಿನ ದೂರು ಹೆಚ್ಚುತ್ತಿತ್ತು. ಹಾಗಾದರೆ ಅದು ಮುನ್ಸೂಚನೆಯೋ, ಹಿಂದಿನಿಂದ ಬಂದ ಅಳುವೋ? ಸರ್‌ಗೆ ಕೇಳಿದೆ. ಅವರು ಮೈಸೂರಿನ ಕಡೆಯವರು, ಪುಣೆಗೆ ಬಂದು ಬಹಳ ಕಾಲವಾದರೂ ಮಾತು ಬದಲಾಗಿಲ್ಲ. “ಕನ್ಫ್ಯೂಸ್ ಆಗ್ತಿದೆ ಅಂದ್ರೆ ಸರಿಯಾಗಿ ಓದ್ತಿದೀಯ ಅಂತ. ಒಂದು ರೂಲ್ ಮಾಡ್ಕೊ,” ಎಂದು ಹೋದರು.

ನಾನು ಮಾಡಿಕೊಂಡ ನಿಯಮ ಇದು: ಒಂದೇ ವಾರದಲ್ಲಿ ಮೂವರು ಬೇರೆ ಬೇರೆ ಜನ, ಒಳಗಿನಿಂದ ತಿಳಿಯಿತೆಂದು ಒಂದೇ ವಿಷಯ ಹೇಳಿದರೆ ಅದು ಸೂಚನೆ. ಮೂವರು ಬೇರೆಯೇ ಎಂದು ಖಾತರಿ ಮಾಡಿಕೊಳ್ಳಲು ಅವರ ಹಳೆಯ ಬರಹಗಳನ್ನು, ಭಾಷೆಯನ್ನು, ಬರೆಯುವ ವೇಳೆಯನ್ನು ಹೋಲಿಸಿ ನೋಡುತ್ತಿದ್ದೆ. ಒಬ್ಬನೇ ಮೂರು ಹೆಸರಲ್ಲಿ ಬರೆದರೆ ಸಿಕ್ಕಿಬೀಳುತ್ತಿದ್ದ. ಸರ್ ಈ ನಿಯಮವನ್ನು ಮೆಚ್ಚಿ ಉಳಿದ ಕಂಪನಿಗಳಿಗೂ ಹಾಕಿದರು. ನನಗೆ ಹೆಮ್ಮೆಯಾಗಿತ್ತು.

ಜುಲೈನಲ್ಲಿ ಫೋರಂನಲ್ಲಿ ಒಂದು ಒಳ್ಳೆಯ ಪ್ರಶ್ನೆ ಬಂತು. ಕಂಪನಿಯ ವಾರ್ಷಿಕ ವರದಿಯಲ್ಲಿ, ತಯಾರಾದ ಮಾಲಿನ ದೊಡ್ಡ ಪಾಲು ಪುಣೆ ಜಿಲ್ಲೆಯ ಶಿರೂರಿನ ಹತ್ತಿರ ಬಾಡಿಗೆ ಗೋದಾಮಿನಲ್ಲಿದೆ ಎಂದು ಬರೆದಿತ್ತು. ಅದನ್ನು ಯಾರಾದರೂ ಕಣ್ಣಾರೆ ಕಂಡಿದ್ದೀರಾ ಎಂದು ಒಬ್ಬರು ಕೇಳಿದ್ದರು. ಯಾರೂ ಉತ್ತರಿಸಲಿಲ್ಲ. ಸಾಲ ಕೊಟ್ಟ ಸಂಸ್ಥೆಯ ಪತ್ರ ಹಿಡಿದು ಸರ್ ಮತ್ತು ನಾನು ನೋಡಲು ಹೋದೆವು. ಗೋದಾಮು ಇತ್ತು. ಒಳಗೆ ಮಾಲೂ ಇತ್ತು, ಪಟ್ಟಿಯಲ್ಲಿದ್ದಷ್ಟೇ ಇತ್ತು. ನೀಲಿ ತಾಡಪತ್ರಿ ಹೊದಿಸಿದ ರ‍್ಯಾಕಿನ ಕಂಬಗಳು ಚಾವಣಿಯವರೆಗೆ. ತಾಡಪತ್ರಿಯ ಮೇಲೆ ಬೆರಳೆಳೆದರೆ ಗೆರೆ ಮೂಡುವಷ್ಟು ಧೂಳು. ಮಾಲು ಇದೆಯೆಂದು ಸಂತೋಷಪಡಬೇಕೋ, ಯಾರೂ ಕೊಳ್ಳದೆ ಇಲ್ಲೇ ಉಳಿದಿದೆಯೆಂದು ಹೆದರಬೇಕೋ ತಿಳಿಯಲಿಲ್ಲ. ಜೊತೆಗಿದ್ದ ಕಂಪನಿಯ ಅಧಿಕಾರಿ, ಮಳೆಗಾಲದಲ್ಲಿ ಮಾರಾಟ ಯಾವಾಗಲೂ ನಿಧಾನ ಎಂದರು. ಅದೂ ನಿಜವಿರಬಹುದು. ಮರಳಿ ಬರುವಾಗ ಸರ್ ಒಂದು ಢಾಬಾದಲ್ಲಿ ಚಹಾ ಕೊಡಿಸಿ, ‘ಕಂಡಿದ್ದನ್ನು ಬರಿ, ಅನ್ನಿಸಿದ್ದನ್ನು ಬೇಡ’ ಎಂದರು. ಕಂಡದ್ದು ಧೂಳು. ಧೂಳಿಗೆ ನನ್ನ ಕೋಷ್ಟಕದಲ್ಲಿ ಜಾಗವಿರಲಿಲ್ಲ.

ಇನ್ನು ನಮ್ಮ ಕಾಕಾನ ವಿಷಯ. ಅಪ್ಪನ ತಮ್ಮ. ನಾವೂ ಅವನೂ ಪುಣೆಯ ಕೋಥರೂಡಿನ ಒಂದೇ ಹೌಸಿಂಗ್ ಸೊಸೈಟಿಯಲ್ಲಿ ಇರುವವರು. ನಮ್ಮದು ಮೊದಲ ಮಹಡಿ, ಅವನದು ಎದುರಿನ ವಿಂಗ್‌ನಲ್ಲಿ ಮೂರನೆಯದು. ಪುಣೆಯ ಹತ್ತಿರದ ದೇಹೂ ರೋಡಿನಲ್ಲಿ ಸೈನ್ಯದ ಒಂದು ಡಿಪೋದ ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಸೊಸೈಟಿಗೆ ಲಿಫ್ಟ್ ಇಲ್ಲ, ಕಾಕಾನ ಮೊಣಕಾಲು ಎರಡೂ ಸವೆದಿವೆ. ದಿನಕ್ಕೊಮ್ಮೆ ಕೆಳಗಿಳಿದರೆ ಮತ್ತೆ ಹತ್ತುವಾಗ ಪ್ರತಿ ತಿರುವಿನಲ್ಲೂ ನಿಲ್ಲುತ್ತಾನೆ. ನೆಲಮಹಡಿಯಲ್ಲಿ ಒಂದು ಫ್ಲ್ಯಾಟು ಮಾರಾಟಕ್ಕೆ ಬರುವುದಿತ್ತು. ತನ್ನದನ್ನು ಮಾರಿ, ಮೇಲೆ ಒಂದಿಷ್ಟು ಸೇರಿಸಿ ಅದನ್ನು ಕೊಳ್ಳಬೇಕೆಂದು ಅವನ ಆಸೆ. ಆ ‘ಒಂದಿಷ್ಟು’ ಪೂರ್ತಿ ಇದೇ ಕಂಪನಿಯ ಷೇರಿನಲ್ಲಿತ್ತು. ಇದು ನನಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಜುಲೈ ಕೊನೆಯ ಒಂದು ಭಾನುವಾರ. ಭಾನುವಾರ ಬೆಳಿಗ್ಗೆ ಕಾಕಾ ನಮ್ಮಲ್ಲಿ ನಾಷ್ಟಾಕ್ಕೆ ಬರುತ್ತಾನೆ. ಅವ್ವ ಅವಲಕ್ಕಿಗೆ ಒಗ್ಗರಣೆ ಹಾಕಿಟ್ಟಿದ್ದಳು, ನಾನು ಬಡಿಸುತ್ತಿದ್ದೆ. ಕಾಕಾ ತಟ್ಟೆ ಮುಂದೆ ಎಳೆದುಕೊಂಡು, ಪೇಪರ್ ನೋಡುತ್ತಲೇ ಕೇಳಿದ.

“ಪುಟ್ಟಿ, ಆ ರ‍್ಯಾಕ್ ಮಾಡೋ ಕಂಪನೀದು ನಿಮ್ಮ ಆಫೀಸಿನ್ಯಾಗ ಏನರ ಬಂದದ ಏನು? ನಂದು ಎಲ್ಲಾ ಅದರಾಗ ಅದ. ಇಟಗೊಳ್ಳಲೋ ಕೊಡಲೋ?”

ನಾನು ನಿಂತುಬಿಟ್ಟೆ. ಕೆಲಸಕ್ಕೆ ಸೇರಿದ ದಿನ ಒಂದು ಕಾಗದಕ್ಕೆ ಸಹಿ ಹಾಕಿದ್ದೆ: ನಾವು ನೋಡುತ್ತಿರುವ ಕಂಪನಿ ಯಾವುದೆಂದೂ ಹೊರಗೆ ಹೇಳುವಂತಿಲ್ಲ, ಅದರ ಬಗ್ಗೆ ಒಳ್ಳೆಯದನ್ನೂ ಕೆಟ್ಟದ್ದನ್ನೂ ಹೇಳುವಂತಿಲ್ಲ. ಆ ಕಾಗದದಲ್ಲಿ ಮನೆಯವರ ಬಗ್ಗೆ ಏನು ಬರೆದಿತ್ತೆಂದು ನೆನಪಿಸಿಕೊಳ್ಳುತ್ತಿದ್ದೆ. ಚಮಚದಲ್ಲಿದ್ದ ಅವಲಕ್ಕಿ ತಟ್ಟೆಗೂ ಪಾತ್ರೆಗೂ ನಡುವೆ ಇತ್ತು.

“ನಾ ಏನೂ ಕೇಳಾಕತ್ತಿಲ್ಲವಾ. ಹೂಂ ಅನ್ನು, ಇಲ್ಲಾ ಊಂಹೂಂ ಅನ್ನು. ಅಷ್ಟ ಸಾಕು.”

ಹೂಂ ಎಂದರೂ ತಪ್ಪು, ಊಂಹೂಂ ಎಂದರೂ ತಪ್ಪು. ಇನ್ನೊಂದು ತೊಂದರೆಯೆಂದರೆ ಯಾವುದು ಸರಿಯೆಂದು ನನಗೇ ಗೊತ್ತಿರಲಿಲ್ಲ. ನಾನು ಚಮಚ ಪಾತ್ರೆಗೆ ವಾಪಸು ಹಾಕಿ, ಮೊಸರು ತರುತ್ತೇನೆಂದು ಒಳಗೆ ಹೋದೆ. ಫ್ರಿಜ್ ತೆರೆದು ಮೊಸರಿನ ಪಾತ್ರೆ ತೆಗೆದೆ. ಹೊರಗೆ ಬಂದಾಗ ಕಾಕಾ ಅವ್ವನ ಜೊತೆ ಬೇರೆ ಏನೋ ಮಾತಾಡುತ್ತಿದ್ದ. ಆ ವಿಷಯ ಮತ್ತೆ ಎತ್ತಲಿಲ್ಲ. ಬಿಟ್ಟನಲ್ಲ ಎಂದು ನನಗೆ ಸಮಾಧಾನವಾಯಿತು.

ಮರುದಿನದಿಂದಲೇ ಕೋಷ್ಟಕದಲ್ಲಿ ಚಲನೆ ಶುರುವಾಯಿತು. ಮೊದಲನೆಯದು ಮರಾಠಿಯಲ್ಲಿ: ಈ ಕಂಪನಿಯ ಕಡತ ನೋಡುವ ಕಚೇರಿಯಲ್ಲಿರುವ ಒಬ್ಬರಿಗೆ ಕೇಳಿದಾಗ ಅವರ ಮುಖವೇ ಬಿಳಿಚಿತಂತೆ, ಜಾಣರು ಹೊರಬೀಳಲಿ. ಎರಡನೆಯದು ಇನ್ನೊಂದು ಫೋರಂನಲ್ಲಿ, ಒಳ್ಳೆಯ ಇಂಗ್ಲಿಷಿನಲ್ಲಿ: ಸಾಲ ಕೊಟ್ಟ ಕಡೆಯವರು ಈಗ ಈ ಕಂಪನಿಯ ಹೆಸರೆತ್ತಿದರೆ ಬಾಯಿ ಬಿಡುತ್ತಿಲ್ಲ, ಅಲ್ಲಿ ಏನೋ ನಡೆದಿದೆ. ಮೂರನೆಯದು ಬುಧವಾರ, ಮೊಬೈಲಿನ ಗುಂಪಿನಲ್ಲಿ: ಪುಣೆಯ ಒಬ್ಬ ಮಹಿಳಾ ಅಧಿಕಾರಿ ತಮ್ಮ ಸಂಬಂಧಿಕರಿಗೆ ಆಗಲೇ ಇಶಾರೆ ಕೊಟ್ಟಿದ್ದಾರೆ.

ಮೂವರನ್ನೂ ಪರೀಕ್ಷಿಸಿದೆ. ಹಳೆಯ ಬರಹ ಬೇರೆ, ಭಾಷೆ ಬೇರೆ, ಊರು ಕೂಡ ಬೇರೆ ಇರಬಹುದು. ಮೂವರು ಬೇರೆ ಬೇರೆ ಜನ, ಒಂದೇ ವಾರ, ಒಳಗಿನಿಂದ ತಿಳಿದ ಒಂದೇ ವಿಷಯ. ನನ್ನ ನಿಯಮ ಮೊದಲ ಸಲ ಪೂರ್ತಿಯಾಗಿತ್ತು. ಭಯದ ಜೊತೆ ನನಗೆ ಖುಷಿಯೂ ಆಯಿತು ಎಂಬುದನ್ನು ಬರೆಯಲೇಬೇಕು. ಸರ್‌ಗೆ ತೋರಿಸಿದೆ. ಅವರು ಕುರ್ಚಿ ಎಳೆದುಕೊಂಡು ಕುಳಿತು ಎರಡು ಸಲ ಓದಿದರು. ಕಂಪನಿಯ ಹಣಕಾಸು ಮುಖ್ಯಸ್ಥ ಅದೇ ತಿಂಗಳು ಬಿಟ್ಟುಹೋಗಿದ್ದ, ಗೋದಾಮಿನ ಧೂಳು ಇತ್ತು, ಈಗ ಇದು. ‘ರೆಡ್ ಡ್ರಾಫ್ಟ್ ಮಾಡು, ಶುಕ್ರವಾರ ಸಂಜೆ ಕಳಿಸೋಣ’ ಎಂದರು.

ಗುರುವಾರ ಟಿಪ್ಪಣಿ ಬರೆಯಲು ಕುಳಿತೆ. ಕೆಂಪು ಕೊಡುವಾಗ ಪ್ರತಿ ಸೂಚನೆಯನ್ನೂ ಮೂಲದ ಮಾತಿನಲ್ಲೇ ಉದ್ಧರಿಸುವುದು ನಮ್ಮ ಪದ್ಧತಿ. ಮರಾಠಿ ಬರಹದ ಕೆಳಗೆ ಅಷ್ಟರಲ್ಲಿ ಯಾರೋ, ಮುಖ ಬಿಳಿಚಿತು ಎಂದರೆ ಏನು, ಸರಿಯಾಗಿ ಹೇಳು ಎಂದು ಕೆಣಕಿದ್ದರು. ಅದಕ್ಕೆ ಅವನು ವಿವರವಾಗಿ ಉತ್ತರ ಕೊಟ್ಟಿದ್ದ. ಆ ಹುಡುಗಿ ಪೋಹೆ ಬಡಿಸುತ್ತಿದ್ದಳಂತೆ. ಪ್ರಶ್ನೆ ಕೇಳಿದ ತಕ್ಷಣ ಚಮಚ ಗಾಳಿಯಲ್ಲೇ ನಿಂತಿತಂತೆ. ಒಂದು ಮಾತಾಡದೆ ಚಮಚವನ್ನು ಪಾತ್ರೆಗೆ ಹಾಕಿ ಮೊಸರಿನ ನೆಪದಲ್ಲಿ ಒಳಗೆ ಹೋದಳಂತೆ.

ನಾನು ಅದನ್ನು ಕನ್ನಡದಲ್ಲಿ ಒಮ್ಮೆ ಮನಸ್ಸಿನಲ್ಲೇ ಹೇಳಿಕೊಂಡೆ: ಪೋಹೆ ಎಂದರೆ ಅವಲಕ್ಕಿ. ಆಮೇಲೆ ಕಂಪ್ಯೂಟರಿನ ಪರದೆ ಆರಿಸಿದೆ.

ಕಚೇರಿಯಿಂದ ನೇರ ಕಾಕಾನ ಮನೆಗೆ ಹೋದೆ. ಕಾಕಾ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. ನೀನು ಫೋರಂನಲ್ಲಿ ಬರೆಯುತ್ತೀಯಾ ಎಂದು ಕೇಳಿದೆ. ಅವನಿಗೆ ಅದೇನೆಂದೇ ಗೊತ್ತಿರಲಿಲ್ಲ. ಹೇಳಿದ್ದು ಕಟ್ಟೆಯ ಮೇಲೆ ಮಾತ್ರ. ನಮ್ಮ ಸೊಸೈಟಿಯ ಗೇಟಿನ ಪಕ್ಕದ ಕಟ್ಟೆಯಲ್ಲಿ ಸಂಜೆ ನಾಲ್ಕಾರು ಹಿರಿಯರು ಕೂಡುತ್ತಾರೆ. ಅವರಲ್ಲಿ ಮರಾಠಿಗರಿದ್ದಾರೆ, ಉಡುಪಿ ಕಡೆಯ ಒಬ್ಬ ಹೋಟೆಲ್ ಮಾಲೀಕರಿದ್ದಾರೆ. ಎಲ್ಲರಲ್ಲೂ ಆ ಷೇರು ಸ್ವಲ್ಪವೋ ಹೆಚ್ಚೋ ಇತ್ತು. ಕಟ್ಟೆಯಿಂದ ಮನೆಗಳಿಗೆ, ಮನೆಯಿಂದ ಮಗ ಅಳಿಯಂದಿರ ಮೊಬೈಲಿಗೆ ಹೋಗಿತ್ತು. ನನ್ನ ಮೂವರು ನಿಜಕ್ಕೂ ಬೇರೆ ಬೇರೆ ಜನರೇ. ಬಾಯಿ ಮೂರು ಇದ್ದವು. ಅವಕ್ಕೆಲ್ಲ ಇದ್ದ ಕಣ್ಣು ಕಾಕಾನದೊಂದೇ.

“ನಾ ಏನೂ ಹೇಳಿರಲಿಲ್ಲಲ್ಲಾ ಕಾಕಾ,” ಎಂದೆ.

“ಅದಕ್ಕ ಅಲ್ಲೇನು? ಮೂವತ್ತ ವರ್ಷ ಡಿಪೋದಾಗ ಕೂತೀನಿ. ಮುಂದ ಕೂತವ ಮಾತಾಡಿದನಂದ್ರ ಏನೂ ಇಲ್ಲಂತ ತಿಳೀಬೇಕು. ಸುಮ್ಮಾದನಂದ್ರ ಟ್ರಾನ್ಸ್‌ಫರ್ ಆರ್ಡರ್ ಟೈಪ್ ಆಗೇದ ಅಂತ ತಿಳೀಬೇಕು. ಒಮ್ಮೀನೂ ತಪ್ಪಿಲ್ಲ ನಂದು.”

“ನಾ ಯಾವ ಕಂಪನಿ ಬಗ್ಗೆ ಕೇಳಿದ್ರೂ ಸುಮ್ಮನ ಇರತಿದ್ದೆ. ರೂಲ್ ಹಂಗ ಅದ.”

“ಹೌದಲ್ಲ, ಗೊತ್ತಿದ್ದವರು ಹಿಂಗ ಅಂತಾರ,” ಎಂದು ಕಾಕಾ ನಕ್ಕ. ಮಂಗಳವಾರವೇ ಎಲ್ಲ ಮಾರಿಬಿಟ್ಟೆ ಎಂದ. ನೆಲಮಹಡಿಯವರಿಗೆ ಮುಂಗಡದ ಮಾತೂ ಆಗಿತ್ತು.

ಕೆಳಗಿಳಿಯುವಾಗ ನನಗೆ ತಲೆ ಓಡಲಿಲ್ಲ. ನನಗೆ ಏನೂ ಗೊತ್ತಿರಲಿಲ್ಲ. ಅದನ್ನು ಕಾಕಾ ನೋಡಿ, ಏನೋ ಗೊತ್ತಿದೆ ಎಂದುಕೊಂಡ. ಅದು ಊರೆಲ್ಲ ಸುತ್ತಿ, ಮೂರು ಭಾಷೆ ಬದಲಿಸಿ, ಮರಳಿ ನನ್ನ ಮೇಜಿಗೆ ಬಂದು, ನನಗೇ ಸುದ್ದಿ ಹೇಳಿತ್ತು. ನಾನು ಅದನ್ನು ಮೂರು ಎಂದು ಎಣಿಸಿದ್ದೆ.

ಶುಕ್ರವಾರ ಬೆಳಿಗ್ಗೆ ನನ್ನ ಮುಂದೆ ಎರಡು ದಾರಿ ಇದ್ದವು. ಏನೂ ಹೇಳದಿದ್ದರೆ ಕೆಂಪು ಹೋಗುತ್ತದೆ. ನಿಯಮ ಪ್ರಕಾರ ಎಲ್ಲ ಸರಿಯಾಗಿದೆ, ಯಾರೂ ಕೇಳುವುದಿಲ್ಲ. ಕಂಪನಿ ಕೆಟ್ಟದ್ದೇ ಇರಬಹುದೆಂದು ನನಗೂ ಒಳಗೊಳಗೆ ಅನ್ನಿಸುತ್ತಿತ್ತು. ಹೇಳಿದರೆ ಟಿಪ್ಪಣಿಯ ಬಣ್ಣ ಬದಲಾಗುತ್ತದೆ, ನನ್ನ ಕಾಕಾ ಆ ಷೇರು ಮಾರಿದ್ದೂ ಹೊರಗೆ ಬರುತ್ತದೆ. ಬಸ್ಸಿನಲ್ಲಿ ಕುಳಿತು ಎರಡನ್ನೂ ತೂಗಿ ನೋಡಿದೆ. ಕೊನೆಗೆ ನಿರ್ಧಾರ ಮಾಡಿಸಿದ್ದು ದೊಡ್ಡ ವಿಚಾರವೇನಲ್ಲ. ಟಿಪ್ಪಣಿಯಲ್ಲಿ ಉದ್ಧರಣೆ ಹಾಕಬೇಕಿತ್ತು. ‘ಚಮಚ ಗಾಳಿಯಲ್ಲೇ ನಿಂತಿತು’ ಎಂಬುದನ್ನು ಪುರಾವೆ ಎಂದು ಬರೆದು ಕೆಳಗೆ ನನ್ನ ಸಹಿ ಹಾಕಲು ಕೈ ಬರಲಿಲ್ಲ.

ಸರ್ ಬಾಗಿಲು ಹಾಕಿಸಿ ಪೂರ್ತಿ ಕೇಳಿದರು.

“ನೀನೇನು ಹೇಳ್ದೆ ಅವರಿಗೆ?”

“ಏನೂ ಹೇಳಿಲ್ಲ ಸರ್.”

“ಏನೂ ಅಂದ್ರೆ?”

“ಮೊಸರು ತರ್ತೀನಿ ಅಂದೆ.”

ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇದನ್ನ ರಿಪೋರ್ಟಲ್ಲಿ ಹೇಗಮ್ಮ ಬರೀತೀಯ?”

ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ. ನೀನು ಮಾತಾಡಿದ್ದರೆ ತಪ್ಪಾಗುತ್ತಿತ್ತು, ಮಾತಾಡದೆ ಇದ್ದದ್ದು ಯಾವ ನಿಯಮದಲ್ಲೂ ತಪ್ಪಲ್ಲ ಎಂದರು. ನಡೆದದ್ದನ್ನೆಲ್ಲ ಬರೆಸಿಕೊಂಡು, ಕಾಕಾ ಮಾರಿದ್ದನ್ನೂ ಸೇರಿಸಿ, ಮೇಲಿನವರಿಗೆ ಕಳಿಸಿದರು. ಆಮೇಲೆ ಕೋಷ್ಟಕದಿಂದ ಆ ಮೂರು ಬರಹಗಳ ಸಾಲುಗಳನ್ನು ಅಳಿಸಿ ಏನು ಉಳಿಯುತ್ತದೆ ನೋಡೋಣ ಎಂದರು. ಉಳಿದದ್ದು ಒಬ್ಬ ಅಧಿಕಾರಿಯ ರಾಜೀನಾಮೆ ಮತ್ತು ಧೂಳು. ಅವೆರಡಕ್ಕೆ ಕೆಂಪು ಬರುವುದಿಲ್ಲ. ಸಂಜೆ ಹಳದಿ ಹೋಯಿತು. ಗೋದಾಮಿನ ಮಾಲಿಗೆ ಬೇರೊಬ್ಬರಿಂದ ಬೆಲೆ ಕಟ್ಟಿಸಿ ಎಂಬ ಒಂದು ಸಾಲನ್ನು ನಾನು ಕೇಳಿಕೊಂಡು ಸೇರಿಸಿದೆ. ನನ್ನ ಕೋಷ್ಟಕಕ್ಕೆ ಒಂದು ಹೊಸ ಅಂಕಣ ಬಂತು: ‘ಮೊದಲು ಎಲ್ಲಿಂದ ಹೊರಟಿತು.’ ಅಳಿಸಿದ ಮೂರು ಸಾಲುಗಳನ್ನು ಬೇರೆ ಪುಟದಲ್ಲಿ ಇಟ್ಟುಕೊಂಡು, ಮೂರಕ್ಕೂ ಆ ಅಂಕಣದಲ್ಲಿ ‘ನಮ್ಮ ಅಡುಗೆಮನೆ’ ಎಂದು ಬರೆದೆ.

ಮುಂದಿನ ಭಾನುವಾರ ಹೇಗಿರಬೇಕೆಂದು ನಾನು ಮೊದಲೇ ಯೋಚಿಸಿಟ್ಟಿದ್ದೆ. ಸುಮ್ಮನಿದ್ದರೆ ಅರ್ಥ ಹಚ್ಚುತ್ತಾರೆ. ಆದ್ದರಿಂದ ಯಾವ ಕಂಪನಿಯ ಹೆಸರು ಹೇಳಿದರೂ ತಕ್ಷಣ, ಒಂದೇ ಧಾಟಿಯಲ್ಲಿ, ನಗುನಗುತ್ತ ಒಂದೇ ವಾಕ್ಯ ಹೇಳುವುದು. ಕನ್ನಡಿಯ ಮುಂದೆ ಒಂದೆರಡು ಸಲ ಹೇಳಿಯೂ ನೋಡಿದೆ. ಕಾಕಾ ಬಂದ. ಈ ಸಲ ಜೊತೆಗೆ ಕಟ್ಟೆಯ ಹೋಟೆಲ್ ಮಾಲೀಕರೂ ಬಂದರು. ಅವರು ಕಾಕಾನ ಮಾತು ಕೇಳಿ ಮಾರಿರಲಿಲ್ಲ. ಹುಡುಗಿ ಮೊಸರು ತರಲು ಹೋದರೆ ಕಂಪನಿ ಮುಳುಗುತ್ತದಾ ಎಂದು ಕಟ್ಟೆಯಲ್ಲಿ ಕಾಕಾನನ್ನು ಗೇಲಿ ಮಾಡಿದ್ದರಂತೆ. ಆದರೂ ಒಳಗೆ ಅಳುಕಿತ್ತು, ತಾವೇ ನೋಡಿ ಹೋಗಲು ಬಂದಿದ್ದರು.

ಕಾಕಾ ಒಂದು ಬ್ಯಾಂಕಿನ ಹೆಸರು ಹೇಳಿದ. ನಾನು ನಗುತ್ತ, “ಯಾವ ಕಂಪನಿ ಬಗ್ಗೆನೂ ನಾ ಮಾತಾಡೋಹಂಗಿಲ್ಲ ಕಾಕಾ,” ಎಂದೆ. ಒಂದು ಸಿಮೆಂಟಿನ ಹೆಸರು ಹೇಳಿದ. ಅದೇ ನಗು, ಅದೇ ವಾಕ್ಯ. ಹೋಟೆಲ್ ಮಾಲೀಕರು ರ‍್ಯಾಕ್ ಕಂಪನಿಯ ಹೆಸರು ಹೇಳಿದರು. ಅದೇ ನಗು, ಅದೇ ವಾಕ್ಯ, ಅವರ ತಟ್ಟೆಗೆ ಇನ್ನೊಂದು ಚಮಚ ಅವಲಕ್ಕಿ. ಎಲ್ಲೂ ನಿಲ್ಲಲಿಲ್ಲ. ಅವ್ವ ನನ್ನನ್ನು ವಿಚಿತ್ರವಾಗಿ ನೋಡಿದಳು. ಅವರು ಹೋದ ಮೇಲೆ, “ಯಾಕ ಹಂಗ ಹಲ್ಲು ಕಿಸೀತಿದ್ದಿ? ಯಾರರ ಫೋಟೋ ತೆಗೀಲಿಕತ್ತಿದ್ರೇನು?” ಎಂದಳು. ನಾನು ದಿನಚರಿಯಲ್ಲಿ ‘ಸರಿಯಾಗಿ ನಡೆಯಿತು’ ಎಂದು ಬರೆದೆ.

ಆಗಸ್ಟಿನಲ್ಲಿ ಕಂಪನಿ ತನ್ನ ತ್ರೈಮಾಸಿಕ ಲೆಕ್ಕವನ್ನು ಮುಂದೂಡಿತು. ಅದರ ಹಿಂದೆಯೇ ಲೆಕ್ಕ ಪರಿಶೋಧಕರು ಬಿಟ್ಟುಹೋದರು. ಆಗ ನಾವು ಕೆಂಪು ಕೊಟ್ಟೆವು, ಆದರೆ ಅಷ್ಟರಲ್ಲಿ ಅದು ಪತ್ರಿಕೆ ಓದುವ ಎಲ್ಲರಿಗೂ ಗೊತ್ತಿತ್ತು, ಸಾಲದ ಕಂತೂ ಹೋಗಿಯಾಗಿತ್ತು. ಮಾಲೀಕರು ತಮ್ಮ ಷೇರುಗಳನ್ನು ಅಡವಿಟ್ಟು ಬೇರೆ ಕಡೆ ಸಾಲ ತೆಗೆದಿದ್ದರು. ಬೆಲೆ ಇಳಿದಂತೆ ಅಡವು ಹಿಡಿದವರು ಅವನ್ನು ಪೇಟೆಯಲ್ಲಿ ಮಾರಿದರು, ಮಾರಿದಂತೆ ಬೆಲೆ ಮತ್ತೆ ಇಳಿಯಿತು. ಕೊನೆಕೊನೆಗೆ ದಿನಾ ಪೇಟೆ ತೆರೆಯುತ್ತಲೇ ಬೆಲೆ ಆ ದಿನದ ಕನಿಷ್ಠ ಮಿತಿಗೆ ಬಿದ್ದು ನಿಲ್ಲುತ್ತಿತ್ತು. ಮಾರಲು ಎಲ್ಲರೂ ಇದ್ದರು, ಕೊಳ್ಳಲು ಒಬ್ಬರೂ ಇಲ್ಲ. ಗಣಪತಿ ಹಬ್ಬ ಮುಗಿಯುವಷ್ಟರಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಗೋದಾಮಿನ ಮಾಲು ಹಳೆಯ ಅಳತೆಯದು, ಈಗ ಯಾರೂ ಬಳಸುವುದಿಲ್ಲ ಎಂದು ಆಮೇಲೆ ತಿಳಿಯಿತು.

ಸರ್ ಮತ್ತು ನಾನು ಹಳೆಯ ಕೋಷ್ಟಕವನ್ನು ಮತ್ತೆ ತೆರೆದು ಕುಳಿತೆವು. ಸುಳ್ಳು ಪುರಾವೆ ಇಟ್ಟುಕೊಂಡಿದ್ದರೆ ನಮ್ಮ ಉತ್ತರ ಸರಿಯಾಗುತ್ತಿತ್ತು. ತೆಗೆದದ್ದರಿಂದ ತಪ್ಪಾಯಿತು. ಹಾಗಾದರೆ ನಾನು ಮಾಡಿದ್ದು ತಪ್ಪೇ ಎಂದು ಕೇಳಿದೆ. ಸರ್ ಕೋಷ್ಟಕ ಮುಚ್ಚಿ, “ಲೆಕ್ಕ ಸರಿ ಇತ್ತು. ಇನ್ನು ಹೆಚ್ಚು ಕೇಳಬೇಡ,” ಎಂದರು. ಆದರೆ ನನ್ನನ್ನು ಕಾಡಿದ್ದು ಅದಕ್ಕಿಂತ ಬೇರೆ ಪ್ರಶ್ನೆ. ಬೆಲೆ ಮೊದಲು ಜಾರಿದ್ದು ಆ ಜುಲೈ ಕೊನೆಯ ವಾರದಲ್ಲೇ, ಆ ಮೂರು ಬರಹ ಹರಿದಾಡಿದ ದಿನಗಳಲ್ಲಿ. ಆ ಜಾರಿಕೆಯಿಂದಲೇ ಅಡವಿನ ಷೇರುಗಳ ಮಾರಾಟ ಶುರುವಾಯಿತೇ? ಧೂಳು ಹಿಡಿದ ಮಾಲಿನ ಕಂಪನಿ ಹೇಗೂ ಬೀಳುತ್ತಿತ್ತು. ಅಷ್ಟು ಬೇಗ ಬೀಳುತ್ತಿತ್ತೇ ಎಂಬುದು ಯಾವ ಅಂಕಣದಲ್ಲೂ ಸಿಗುವುದಿಲ್ಲ. ಫೋರಂ ಮುನ್ಸೂಚನೆ ಕೊಟ್ಟಿತೆಂದು ಈಗ ಅಲ್ಲಿ ಎಲ್ಲರೂ ಬರೆದುಕೊಳ್ಳುತ್ತಿದ್ದಾರೆ. ಪೋಹೆಯ ಬರಹಕ್ಕೆ ಮೆಚ್ಚುಗೆಗಳು ಇನ್ನೂ ಬರುತ್ತಿವೆ.

ದೀಪಾವಳಿ ಕಳೆದ ಮೇಲೆ ಕಾಕಾ ನೆಲಮಹಡಿಗೆ ಬಂದ. ಸಣ್ಣ ಪೂಜೆ, ಕಟ್ಟೆಯವರಿಗೆಲ್ಲ ನಾಷ್ಟಾ. ಇಡ್ಲಿ, ಶಿರಾ ಹೋಟೆಲ್ ಮಾಲೀಕರ ಕಡೆಯಿಂದ ಬಂದಿತ್ತು. ಹಣ ತೆಗೆದುಕೊಳ್ಳಲು ಅವರು ಒಪ್ಪಲಿಲ್ಲ. ಕಾಕಾ ಕೋಣೆಯಿಂದ ಕೋಣೆಗೆ ಸುಮ್ಮನೆ ಓಡಾಡುತ್ತಿದ್ದ, ಹೊಸ್ತಿಲು ದಾಟಿ ಹೊರಗೆ ಹೋಗಿ ಮತ್ತೆ ಒಳಗೆ ಬರುತ್ತಿದ್ದ. ನನ್ನ ಕೈಗೆ ಪೇಢೆ ಕೊಟ್ಟು ಎಲ್ಲರೆದುರು, “ಈ ಮನೀ ನಮ್ಮ ಪುಟ್ಟೀದು. ಒಂದ ಮಾತ ಆಡದ ಕೊಡಸ್ಯಾಳ,” ಎಂದ. ನನಗೆ ಏನೂ ಗೊತ್ತಿರಲಿಲ್ಲ ಎಂದು ಇನ್ನೊಮ್ಮೆ ಹೇಳಿದೆ. ಕಟ್ಟೆಯವರೆಲ್ಲ ನಕ್ಕರು.

ಹೋಟೆಲ್ ಮಾಲೀಕರು ನಗಲಿಲ್ಲ. ನಮ್ಮಲ್ಲಿಗೆ ಬಂದುಹೋದ ಮೇಲೂ ಅವರು ಆ ಷೇರು ಮಾರಿರಲಿಲ್ಲ, ಎರಡನೆಯ ಹೋಟೆಲಿಗೆಂದು ನೋಡಿಟ್ಟಿದ್ದ ಜಾಗವನ್ನು ಈಗ ಬಿಟ್ಟುಕೊಟ್ಟಿದ್ದಾರೆಂದು ಅವ್ವ ಆಗಲೇ ಹೇಳಿದ್ದಳು. ಎಲ್ಲರೂ ಕೈ ತೊಳೆಯಲು ಎದ್ದಾಗ ಅವರು ತಟ್ಟೆ ಹಿಡಿದುಕೊಂಡೇ ನಾನು ನಿಂತಲ್ಲಿಗೆ ಬಂದರು. ಸಿಟ್ಟಿರಲಿಲ್ಲ, ನಿಜಕ್ಕೂ ತಿಳಿದುಕೊಳ್ಳಲು ಕೇಳುವವರಂತೆ ಕೇಳಿದರು.

“ಅಲ್ಲ ಮಗಾ, ಒಂದು ಹೇಳು. ನಿನ್ನ ಕಾಕಾನೆದುರು ಸುಮ್ಮನಿದ್ದಿ. ನನ್ನೆದುರು ಅಷ್ಟು ನಗ್ಲಿಕ್ಕೆ ಎಂತ ಇತ್ತು?”

ಆ ನಗುವನ್ನು ನಾನು ಕನ್ನಡಿಯ ಮುಂದೆ ಕಲಿತದ್ದು, ಯಾರೂ ಅದರಿಂದ ಏನೂ ತಿಳಿಯದಿರಲಿ ಎಂದೇ ಕಲಿತದ್ದು ಎಂದು ಹೇಳಬೇಕಿತ್ತು. ಹೇಳಿದರೆ ಅವರು ಅದನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೋ ತಿಳಿಯಲಿಲ್ಲ. ಕೈಯಲ್ಲಿ ಶಿರಾದ ಚಮಚವಿತ್ತು. ಅವರ ತಟ್ಟೆ ಇನ್ನೂ ಖಾಲಿಯಾಗಿರಲಿಲ್ಲ, ಆದರೂ ಬಡಿಸಲು ಕೈ ಮುಂದೆ ಮಾಡಿದೆ, ಅಲ್ಲೇ ನಿಂತಿತು. ಅವರು ಚಮಚವನ್ನು ನೋಡಿದರು. ಆಮೇಲೆ ನನ್ನ ಮುಖವನ್ನು ನೋಡಿದರು, ಮತ್ತೆ ಚಮಚವನ್ನು.